ಸುಸ್ತು, ಕಾರಣ ನಮೂದಿಸಿಲ್ಲ

ಪರದೆಯ ಮೇಲೆ ಸುಸ್ತು ಎಂದು ಒಂದೇ ಪದ, ಅದರ ಪಕ್ಕ ಒಂದು ಚುಕ್ಕೆ, ನಿಜವಾದ ಚುಕ್ಕೆಯೋ ಗಾಜಿನ ಮೇಲೆ ಕೂತ ಧೂಳೋ, ಅವಳು ಬೆರಳ ತುದಿಯಿಂದ ಒರೆಸಿ ನೋಡಿದಳು, ಹೋಗಲಿಲ್ಲ, ಚುಕ್ಕೆಯೇ, ಹಾಗಾದರೆ ಡಾಕ್ಟರು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದಾರೆ, ಎರಡಕ್ಷರದಲ್ಲಿ ಒಬ್ಬ ಮನುಷ್ಯ ಮುಗಿದುಹೋದ — ಇದು ಬೇರೆ ಯಾರದೋ ಫೈಲು, ಇವರದಲ್ಲ, ಇವರದು ಎಂದರೆ ಗಂಡನದು ಇನ್ನೂ ಮೇಲಿಂದ ಇಳಿದಿಲ್ಲ, ಇಳಿಯುವ ಹೊತ್ತಾಯಿತು, ಇಳಿಯದೇ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಒಳ್ಳೆಯದು, ಒಳ್ಳೆಯದೇನು ಮಣ್ಣು, ಸೋಮವಾರ ಕಾಯುತ್ತದೆಯೇ. ಮೇಲಿನ ನಾಲ್ಕು ಮಹಡಿಗಳಲ್ಲಿ ಜನ ನರಳುತ್ತಾರೆ, ಡಾಕ್ಟರುಗಳು ಬರೆಯುತ್ತಾರೆ, ಬರೆದದ್ದೆಲ್ಲ ನೆಲಮಾಳಿಗೆಯ ಈ ಕೋಣೆಗೆ ಇಳಿದು ಬರುತ್ತದೆ, ಇಲ್ಲಿ ಕೂತವರು ಓದಿ, ಪ್ರತಿ ಕಾಯಿಲೆಗೂ ಅದರದರ ಕೋಡ್ ಅಂಟಿಸಿ ಹೊರಗೆ ಕಳಿಸುತ್ತಾರೆ, ವಿಮೆಯವರಿಗೆ, ಕಂಪನಿಗಳಿಗೆ, ಕಾಯಿಲೆಯ ಕಥೆ ಓದುವ ಪುರುಸೊತ್ತು ಅವರಿಗಿಲ್ಲ, ಕೋಡ್ ನೋಡುತ್ತಾರೆ, ಮುಂದಿನ ಕೆಲಸ ನೋಡುತ್ತಾರೆ. ಸುಸ್ತಿಗೆ ಆರ್ ಐವತ್ಮೂರು ಪಾಯಿಂಟ್ ಎಂಟು ಮೂರು. ಮೈ ಸರಿಯಿಲ್ಲ ಎಂದಷ್ಟೇ ಇದ್ದರೆ ಎಂಟು ಒಂದು. ಬಹಳ ಕಾಲದ ಸುಸ್ತಾದರೆ ಎಂಟು ಎರಡು, ಆದರೆ ಬಹಳ ಕಾಲದ್ದು ಎನ್ನುವುದನ್ನು ಡಾಕ್ಟರೇ ಬರೆದಿರಬೇಕು, ರೋಗಿ ವರ್ಷದಿಂದ ಹಾಸಿಗೆ ಬಿಟ್ಟು ಎದ್ದಿಲ್ಲದಿದ್ದರೂ ಆ ಮಾತು ಅಲ್ಲಿಲ್ಲದೆ ಇವಳ ಬೆರಳು ಎರಡರ ಮೇಲೆ ಹೋಗುವಂತಿಲ್ಲ. ಬರೆದಿಲ್ಲವೆಂದರೆ ಆಗಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಕಿವಿಗೆ ಬಿದ್ದ ಮಾತು, ಆಮೇಲೆ ಇವಳೇ ಹೊಸಬರ ಕಿವಿಗೆ ಊದಿದ ಮಾತು. ಇರಬಹುದು, ಅನುಮಾನವಿದೆ, ಹಾಗೆ ಕಾಣುತ್ತದೆ, ಇವೆಲ್ಲ ಹೊರರೋಗಿಯ ಫೈಲಿನಲ್ಲಿ ಲೆಕ್ಕಕ್ಕಿಲ್ಲ, ಊಹೆ ಮಾಡುವ ಅಧಿಕಾರ ಇಲ್ಲಿ ಯಾರಿಗೂ ಇಲ್ಲ, ಅದು ಅವಳಿಗೆ ಇಷ್ಟವಾಗಿತ್ತು ಕೂಡ, ಮನೆಯಲ್ಲಿ ಎಲ್ಲರ ಮುಖ ನೋಡಿ ಊಹೆ ಮಾಡಿ ಮಾಡಿ ಸಾಕಾದವಳಿಗೆ ಇಲ್ಲಿ ಬಂದು ಕೂತರೆ ಒಂದು ನೆಮ್ಮದಿ, ಇದ್ದದ್ದು ಇದ್ದ ಹಾಗೆ. ಎಂಟು ಮೂರು ಒತ್ತಿದಳು, ಫೈಲು ಹೋಯಿತು, ಯಾರೋ ಪಾಪ.

ಗಂಡ ಈಗ ಮೊದಲ ಮಹಡಿಯಲ್ಲಿ, ಕೋಡ್ ಬಿದ್ದ ಮೇಲೆ ಸರ್ಟಿಫಿಕೇಟು ಕೊಡುವ ಕಿಟಕಿಯ ಎದುರಿನ ಬೆಂಚಿನ ಮೇಲೆ ಇರಬೇಕು, ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿರಬೇಕು, ಪಕ್ಕದವರು ನಿದ್ದೆ ಎಂದುಕೊಂಡಿರುತ್ತಾರೆ, ನಿದ್ದೆಯಲ್ಲ ಅದು, ನಿದ್ದೆ ಎಂದರೆ ಎದ್ದ ಮೇಲೆ ಸ್ವಲ್ಪವಾದರೂ ಹಗುರ ಇರಬೇಡವೇ, ಇವರು ಎದ್ದರೆ ರಾತ್ರಿಯೆಲ್ಲ ಲಾರಿಗೆ ಮೂಟೆ ತುಂಬಿ ಬಂದವರ ಹಾಗೆ ಏಳುತ್ತಾರೆ. ಬಸ್ಸು ಓಡಿಸುವ ಮನುಷ್ಯ, ಕೂತಲ್ಲಿ ಕೂರದ ಮನುಷ್ಯ, ರಜೆಯ ದಿನವೂ ಮನೆಯ ನಲ್ಲಿ ಬಿಚ್ಚಿ, ಫ್ಯಾನು ಬಿಚ್ಚಿ, ಮತ್ತೆ ಕೂಡಿಸಲಾಗದೆ ಬೈಸಿಕೊಳ್ಳುತ್ತಿದ್ದ ಮನುಷ್ಯ, ಈಗ ನಲ್ಲಿ ತೊಟ್ಟಿಕ್ಕುತ್ತಲೇ ಇದೆ, ಅದನ್ನು ಕೇಳಿಸಿಕೊಳ್ಳುತ್ತ ಮಲಗಿರುತ್ತಾರೆ. ರಕ್ತ ಚೆನ್ನಾಗಿದೆ ಎಂದರು, ಥೈರಾಯ್ಡ್ ಚೆನ್ನಾಗಿದೆ ಎಂದರು, ಎದೆಯ ಚಿತ್ರ ಬಹಳ ಚೆನ್ನಾಗಿದೆ ಎಂದರು, ಎಲ್ಲವೂ ಚೆನ್ನಾಗಿದ್ದು ಗಂಡನೊಬ್ಬ ಚೆನ್ನಾಗಿಲ್ಲ. ಡಿಪೋ ಮ್ಯಾನೇಜರ್ ಕೆಟ್ಟವರೇನಲ್ಲ, ಇಷ್ಟು ದಿನ ರಜೆಯ ಮೇಲೆ ರಜೆ ಕೊಟ್ಟು ನೋಡಿದರು, ಕೊನೆಗೆ ಅವರ ಮೇಲಿನವರು ಅವರನ್ನು ಹಿಡಿದಾಗ ಅವರು ಇವರನ್ನು ಹಿಡಿದರು — ನೋಡಪ್ಪ, ಸುಸ್ತು ಯಾರಿಗಿಲ್ಲ, ನಂಗೂ ಸುಸ್ತೇ, ನನ್ನ ಹೆಂಡ್ತಿಗಂತೂ ನನ್ನ ನೋಡಿದ್ರೇನೆ ಸುಸ್ತು, ಹೆಸರಿರೋ ಕಾಯಿಲೆ ಒಂದು ಬರೆಸ್ಕೊಂಡು ಬಾ, ಪಾಸ್ ಕೊಡೋ ಕೌಂಟರಲ್ಲಿ ಕೂರಿಸ್ತೀನಿ, ಇಲ್ಲಾಂದ್ರೆ ಸೋಮವಾರ ಸ್ಟೀರಿಂಗ್ ಹಿಡಿ. ಹೆಸರಿರುವ ಕಾಯಿಲೆ. ಅದನ್ನು ಇವರು ಮನೆಗೆ ಬಂದು ಹೇಳುವಾಗ ನಗುತ್ತ ಹೇಳಿದರು, ಅವಳೂ ನಕ್ಕಳು, ಆದರೆ ಆ ಮಾತು ಅವಳ ಕೋಣೆಯ ಮಾತು, ಲಕ್ಷಣ ಬೇರೆ ಕಾಯಿಲೆ ಬೇರೆ, ಲಕ್ಷಣದ ಕೋಡ್ ಹೊತ್ತು ಹೋದ ಕಾಗದಗಳು ಕಂಪನಿಗಳಿಂದ ಹೇಗೆ ತಿರುಗಿ ಬರುತ್ತವೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು, ಎಷ್ಟು ಜನರಿಗೆ ಅವಳೇ ಹಾಕಿ ಕಳಿಸಿಲ್ಲ, ಎಂಟು ಮೂರು, ಎಂಟು ಮೂರು, ಒಂದು ಗುಟುಕು ಚಹಾ, ಎಂಟು ಮೂರು. ಅವರೆಲ್ಲ ಸೋಮವಾರ ಏನು ಮಾಡಿದರೋ ಎಂದು ಒಂದು ದಿನವೂ ಯೋಚಿಸಿದವಳಲ್ಲ.

ಸೋಮವಾರ ಎಂದರೆ ಬ್ರೇಕು. ಅದೊಂದನ್ನು ಅವರು ನಗುತ್ತ ಹೇಳಿರಲಿಲ್ಲ, ಊಟಕ್ಕೆ ಕೂತಾಗ, ಮಗಳು ಕೈ ತೊಳೆಯಲು ಎದ್ದು ಹೋದ ಮೇಲೆ, ತಟ್ಟೆ ನೋಡುತ್ತ ಹೇಳಿದ್ದು — ಬ್ರೇಕಿಗೆ ಕಾಲು ತಡವಾಗಿ ಹೋಯ್ತು ಕಣೆ, ಕಾಣ್ತಿತ್ತು, ಸೈಕಲ್ಲು ಕಾಣ್ತಿತ್ತು, ಒತ್ತಬೇಕು ಅಂತ ಗೊತ್ತಿತ್ತು, ಕಾಲು ಮಾತ್ರ ನಿಧಾನಕ್ಕೆ ಹೋಯ್ತು. ಸೈಕಲ್ಲಿನವನು ಬೈದು ಹೋದನಂತೆ, ಬೈದನಲ್ಲ ಸದ್ಯ, ಬೈಯಲು ಉಳಿದನಲ್ಲ. ಮರುದಿನದಿಂದ ರಜೆ. ಆಗಲೇ ಶುರುವಾದದ್ದಲ್ಲ ಇದು, ಹಿಂದಿನ ಮಳೆಗಾಲದಲ್ಲಿ ಒಂದು ಜ್ವರ ಬಂದು ಹೋಗಿತ್ತು, ಜ್ವರ ಹೋಯಿತು, ಅದರ ಬಾಲ ಉಳಿಯಿತು ಎಂದು ಎಲ್ಲರೂ ಅಂದರು, ಬಾಲ ಬೆಳೆದು ಬೆಳೆದು ಮನುಷ್ಯನಷ್ಟಾಯಿತು. ಹಲ್ಲುಜ್ಜುವಾಗ ಮೊಣಕೈಯನ್ನು ಬೇಸಿನ್ನಿನ ಅಂಚಿಗೆ ಊರುತ್ತಾರೆ. ಸ್ನಾನಕ್ಕೆ ಸ್ಟೂಲು ಹಾಕಿಕೊಳ್ಳುತ್ತಾರೆ. ಮೆಟ್ಟಿಲ ನಡುವೆ ಕೂತಿದ್ದವರನ್ನು ನೋಡಿ ಮಗಳು, ಅಮ್ಮ, ಅಪ್ಪ ಯಾರನ್ನಾದ್ರೂ ಕಾಯ್ತಿದಾರಾ ಎಂದು ಕೇಳಿದಳು, ಹೌದಮ್ಮ, ಫೋನ್ ಬರೋದಿದೆಯಂತೆ ಎಂದು ಇವಳು ಸುಳ್ಳು ಹೇಳಿದಳು, ಕೇಳಿಸಿಕೊಂಡ ಗಂಡ ಪಾಪ ಕಿಸೆಯಿಂದ ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಎಲ್ಲಕ್ಕಿಂತ ವಿಚಿತ್ರವಾದದ್ದು ಇನ್ನೊಂದು, ಇವತ್ತು ಸ್ವಲ್ಪ ಗೆಲುವಾಗಿದ್ದೀನಿ ಎಂದು ಸಂತೆಗೆ ಹೋಗಿ ಎರಡು ಚೀಲ ತಂದರೆ ನಾಳೆ ಏಳಲಾರರು, ನಾಡಿದ್ದೂ ಏಳಲಾರರು, ಮಾಡಿದ ಕೆಲಸಕ್ಕೆ ಮೈ ಸೇಡು ತೀರಿಸಿಕೊಳ್ಳುತ್ತದೆ, ಪ್ರತಿ ಸಲವೂ, ತಪ್ಪದೆ. ಇದು ಬರಿ ಸುಸ್ತಲ್ಲ. ಎಷ್ಟು ಫೈಲು ಓದಿಲ್ಲ ಅವಳು, ಹೀಗೆ ಬರೆದ ಫೈಲುಗಳ ಕೊನೆಯಲ್ಲಿ ಒಂದು ಹೆಸರು ಬರೆದಿರುವುದನ್ನು ನೋಡಿದ್ದಾಳೆ, ಆ ಹೆಸರಿಗೆ ಬೇರೆಯದೇ ಕೋಡ್ ಇದೆ, ಆ ಕೋಡ್ ನೋಡಿದರೆ ಕಂಪನಿಯವರು ಎದ್ದು ಕೂರುತ್ತಾರೆ. ಇವರಿಗೆ ಅದೇ ಇರಬಹುದು. ಇರಬಹುದು! ನೋಡು, ಮತ್ತೆ ಅದೇ ಮಾತು.

ಹಾಗಾಗಿಯೇ ನಿನ್ನೆ ಸಂಜೆ ಗಂಡನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿಕೊಟ್ಟಳು, ಡಾಕ್ಟರ ಮುಂದೆ ಹೇಗೆ ಮಾತಾಡಬೇಕೆಂದು, ಅನ್ಸುತ್ತೆ ಗಿನ್ಸುತ್ತೆ ಅನ್ಬೇಡಿ, ಕಥೆ ಹೇಳ್ಬೇಡಿ, ಅವರಿಗೆ ಟೈಮಿರಲ್ಲ, ಬರೆಯೋಕೆ ಬರೋ ಹಾಗೆ ಹೇಳಿ. ಗಂಡ ಯೋಚಿಸಿ ಯೋಚಿಸಿ, ಮೈಯೊಳಗೆ ಒದ್ದೆ ಮರಳು ತುಂಬಿದ ಹಾಗಿದೆ ಅಂತ ಹೇಳ್ಲಾ ಎಂದರು. ಮರಳಿಗೆ ಕೋಡ್ ಇಲ್ಲ ರೀ ಎಂದಳು, ಇಬ್ಬರೂ ನಕ್ಕರು, ನಗುವಂಥದ್ದೇ, ಹಾಗಾದ್ರೆ ಏನನ್ಲಿ ಎಂದರು, ಸುಸ್ತು ಅನ್ನಿ ಎಂದಳು. ಅವಳೇ ಹೇಳಿಕೊಟ್ಟದ್ದು. ಒದ್ದೆ ಮರಳನ್ನು ಜರಡಿ ಹಿಡಿದು ಎಂಟು ಮೂರು ಮಾಡಿ ಗಂಡನ ಬಾಯಲ್ಲಿಟ್ಟು ಕಳಿಸಿದಳು, ಎಂಥ ಜಾಣೆ. ಬೆಳಿಗ್ಗೆ ಡಾಕ್ಟರ ಕೋಣೆ, ಒಳ್ಳೆಯ ಡಾಕ್ಟರು, ವಯಸ್ಸಾದವರು, ತಾವೇ ಬಳಲಿದವರಂತೆ ಕಣ್ಣ ಕೆಳಗೆ ಚೀಲ, ಹೇಗಿದೀರಿ ಈಗ ಎಂದು ಪರದೆ ನೋಡುತ್ತಲೇ ಕೇಳಿದರು, ಗಂಡ ಪರವಾಗಿಲ್ಲ ಸರ್ ಎಂದರು. ಪರವಾಗಿಲ್ಲ! ಯಾರು ಕೇಳಿದರೂ ಅದೇ, ಚಿಲ್ಲರೆ ಇಲ್ಲದ ಪ್ರಯಾಣಿಕರಿಗೂ ಪರವಾಗಿಲ್ಲ, ಉಪ್ಪು ಮರೆತ ಸಾರಿಗೂ ಪರವಾಗಿಲ್ಲ, ಡಾಕ್ಟರಿಗೂ ಪರವಾಗಿಲ್ಲ, ಇಷ್ಟು ದೂರ ಕಾಲೆಳೆದುಕೊಂಡು ಬಂದದ್ದು ಇದನ್ನು ಹೇಳುವುದಕ್ಕೆ. ಅವಳು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಪಕ್ಕದಲ್ಲಿ ಕೂತವರು ಉತ್ತರವನ್ನು ಬಾಯಿಗೆ ಹಾಕಬಾರದು, ಅದು ಸರಿಯಲ್ಲ, ಬರೆದದ್ದು ಸ್ಪಷ್ಟವಿಲ್ಲದಾಗ ಕೋಣೆಯಿಂದ ಡಾಕ್ಟರಿಗೆ ಪ್ರಶ್ನೆ ಕಳಿಸುವಾಗಲೂ ಹಾಗೆಯೇ ಅಲ್ಲವೇ, ರೋಗಿಗೆ ಇಂಥದ್ದಿದೆಯೇ ಎಂದು ಕೇಳುವಂತಿಲ್ಲ, ದಯವಿಟ್ಟು ವಿವರಿಸಿ ಎಂದಷ್ಟೇ, ಅದು ಎಷ್ಟು ವರ್ಷಗಳ ಅಭ್ಯಾಸ, ಮೂಳೆಗೆ ಇಳಿದುಬಿಟ್ಟಿದೆ. ಆಮೇಲೆ ಡಾಕ್ಟರು, ಏಳಿ, ತೂಕ ನೋಡೋಣ ಎಂದರು. ಗಂಡ ಮೇಜಿನ ಅಂಚಿಗೆ ಅಂಗೈ ಊರಿದರು, ಭಾರವೆಲ್ಲ ಆ ಕೈಗೆ ಹಾಕಿದರು, ಮೊಣಕೈ ನಡುಗಿತು, ಮೇಜು ನಡುಗಿತು, ಮೇಜಿನ ಮೇಲೆ ಸ್ಟೀಲಿನ ಲೋಟದಲ್ಲಿ ನಿಲ್ಲಿಸಿದ್ದ ಪೆನ್ನುಗಳು ಟಿಣಟಿಣ ಎಂದು ಸದ್ದು ಮಾಡತೊಡಗಿದವು, ಡಾಕ್ಟರು ಪರದೆಯಿಂದ ಕಣ್ಣು ತೆಗೆಯದೆ ಎಡಗೈ ಚಾಚಿ ಲೋಟವನ್ನು ಒತ್ತಿ ಹಿಡಿದರು, ಸದ್ದು ನಿಂತಿತು, ಬಲಗೈಯಲ್ಲಿ ಬರೆಯುತ್ತಲೇ ಇದ್ದರು. ಅವಳು ನೋಡಿದಳು. ತೂಕವೂ ಚೆನ್ನಾಗಿತ್ತು. ನೀವೇನಾದ್ರೂ ಹೇಳೋದಿದ್ಯಾಮ್ಮ ಎಂದು ಡಾಕ್ಟರು ಕೇಳಿದರು, ಕೇಳಲಿಲ್ಲ ಎನ್ನುವಂತಿಲ್ಲ, ಕೇಳಿದರು, ಅವಳ ಕಡೆ ತಿರುಗಿಯೇ ಕೇಳಿದರು, ಆಗ ಬ್ರೇಕು, ಸೈಕಲ್ಲು, ಮರಳು, ಮೆಟ್ಟಿಲು, ಸಂತೆಯ ಚೀಲ ಎಲ್ಲವೂ ಒಟ್ಟಿಗೆ ಗಂಟಲಿಗೆ ಬಂದು, ಯಾವುದಕ್ಕೂ ಕೋಡ್ ಇಲ್ಲದ್ದರಿಂದ ಒಂದೂ ಹೊರಗೆ ಬರದೆ, ಸುಸ್ತು ಇದೆ ಡಾಕ್ಟ್ರೇ ಎಂದಳು. ಅದನ್ನ ಬರ್ದಿದೀನಿ ಎಂದರು ಅವರು.

ಬಂತು. ಪರದೆಯ ಎಡಗಡೆಯ ಸಾಲಿನಲ್ಲಿ ಗಂಡನ ಹೆಸರು, ಇನಿಷಿಯಲ್ ಸಮೇತ, ಮದುವೆಯ ಕರೆಯೋಲೆಯಲ್ಲಿ ಓದಿದ ಹೆಸರು, ಕ್ಲಿಕ್ ಮಾಡಿದರೆ ತೆರೆಯುತ್ತದೆ, ಮಾಡುವಂತಿಲ್ಲ, ಮನೆಯವರ ಫೈಲು ಮುಟ್ಟಬಾರದು, ಮುಟ್ಟಿದರೆ ಯಾರು ಮುಟ್ಟಿದರು ಎಂದು ಯಂತ್ರವೇ ಚಾಡಿ ಹೇಳುತ್ತದೆ, ನೌಕರಿ ಹೋಗುತ್ತದೆ, ಇಬ್ಬರಲ್ಲಿ ಒಬ್ಬರ ನೌಕರಿಯಾದರೂ ಉಳಿಯಬೇಕಲ್ಲ. ಮೇಲ್ವಿಚಾರಕಿಗೆ ಕೈ ಎತ್ತಿ ತೋರಿಸಿದಳು, ಅವರು ಹತ್ತಿರ ಬಂದು ನೋಡಿ, ಓ, ಎಂದು, ಅಷ್ಟೇ ಹೇಳಿ, ಫೈಲನ್ನು ಪಕ್ಕದ ಮೇಜಿನ ಹುಡುಗಿಗೆ ದಾಟಿಸಿದರು. ಮಿಂಚು ಎಂದು ಕೋಣೆಯವರೆಲ್ಲ ಕರೆಯುವ ಹುಡುಗಿ, ಬೆರಳು ಅಷ್ಟು ಚುರುಕು, ಇವಳ ಕೈ ಕೆಳಗೇ ಕಲಿತದ್ದು, ಅಕ್ಕ ಅಕ್ಕ ಎಂದು ಹಿಂದೆ ಮುಂದೆ ಸುತ್ತಿ, ಮೊದಮೊದಲು ಎಲ್ಲದಕ್ಕೂ ಊಹೆ ಮಾಡಿ ಕಾಯಿಲೆ ಬರೆದು ಇವಳಿಂದ ಬೈಸಿಕೊಂಡು ಅತ್ತದ್ದೂ ಇದೆ, ನಿನ್ನ ಮನಸ್ಸಿಗೆ ಬಂದದ್ದನ್ನ ಯಾರು ಕೇಳಿದ್ರು, ಇದ್ದದ್ದನ್ನ ಮಾತ್ರ ನೋಡು ಎಂದು ಎಷ್ಟು ಸಲ ಗದರಿಲ್ಲ. ಈಗ ಮಿಂಚು ಹೆಸರು ಓದಿ ಇವಳ ಕಡೆ ನೋಡಿದಳು. ನಿಲ್ಲದ ಬೆರಳು ನಿಂತವು. ಓದಿದಳು, ಮತ್ತೆ ಮೇಲಿಂದ ಓದಿದಳು, ಅಷ್ಟು ಚಿಕ್ಕ ಬರಹದಲ್ಲಿ ಓದುವುದಕ್ಕೇನಿದೆ, ಹುಡುಕುತ್ತಿದ್ದಾಳೆ, ನನಗಾಗಿ ಹುಡುಕುತ್ತಿದ್ದಾಳೆ ಎಂದು ಅವಳಿಗೆ ಅಳು ಬರುವಂತಾಯಿತು. ಡಾಕ್ಟರಿಗೆ ಒಂದು ಪ್ರಶ್ನೆ ಕಳ್ಸೇ ಎಂದಳು ಮೆಲ್ಲಗೆ. ಏನಂತ ಕಳ್ಸಲಿ ಅಕ್ಕ ಎಂದಳು ಮಿಂಚು, ಅವರು ಬರೆದಿದ್ರಲ್ಲಿ ಗೊಂದಲ ಇದ್ರೆ ಕೇಳ್ಬೋದು, ಇಲ್ಲೇನೂ ಗೊಂದಲವೇ ಇಲ್ಲ, ಉತ್ತರ ಇಟ್ಕೊಂಡು ಪ್ರಶ್ನೆ ಕೇಳಬಾರದು ಅಂತ ನೀವೇ ಹೇಳ್ಕೊಟ್ಟಿದ್ದು. ಆಮೇಲೆ, ಹೇಳಲೋ ಬೇಡವೋ ಎಂದು ತಡವರಿಸಿ, ಅಕ್ಕ, ನಿಮ್ಮ ಮಾತೂ ಇದೆ ಇದರಲ್ಲಿ ಎಂದಳು. ಹೆಂಡತಿಯೂ ಸುಸ್ತೆಂದಷ್ಟೇ ಹೇಳುತ್ತಾರೆ. ಡಾಕ್ಟರು ಬರೆದುಬಿಟ್ಟಿದ್ದಾರೆ, ಹಾಗಾದರೆ ಅದು ಆಗಿದೆ. ಹುಡುಗಿಯ ಮೇಲೆ ಸಿಟ್ಟು ಬಂತು, ಅವಳದೇನು ತಪ್ಪು, ಇಷ್ಟು ಚೆನ್ನಾಗಿ ಕಲಿತಿದ್ದಾಳಲ್ಲ ಎಂದು ಸಿಟ್ಟು. ಇವಳು ಒಂದು ನಿಮಿಷ ಇರು ಎಂದು ಸನ್ನೆ ಮಾಡಿ ಮೇಜಿನ ಫೋನೆತ್ತಿ ಮೇಲಿನ ಡಾಕ್ಟರಿಗೇ ಮಾಡಿದಳು.

ಡಾಕ್ಟರು ಇನ್ನೂ ಹೊರಟಿರಲಿಲ್ಲ, ಬ್ಯಾಗಿನ ಜಿಪ್ಪೆಳೆಯುವ ಸದ್ದು ಫೋನಿನಲ್ಲಿ ಕೇಳಿತು, ಅವಳು ಒಂದೇ ಉಸಿರಿಗೆ ಬ್ರೇಕಿನ ಮಾತು ಹೇಳಿದಳು, ಸಂತೆಯ ಚೀಲ ಹೇಳಿದಳು, ನಾಳೆಯೂ ನಾಡಿದ್ದೂ ಏಳಲಾರದ್ದು ಹೇಳಿದಳು, ಎಲ್ಲ ಬಂತು, ಈಗ ಬಂತು, ನಡುವೆ ಯಾವುದೋ ಮರಳು ಎಂದೂ ಅಂದಳು. ಅವರು ತಾಳ್ಮೆಯಿಂದ ಕೇಳಿದರು. ಬೆಳಿಗ್ಗೆ ಹೇಳ್ಬೇಕಿತ್ತಲ್ಲಮ್ಮ ಎಂದರು, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ನೀವು ಎಲ್ಲಿಂದ ಮಾತಾಡ್ತಿದೀರಿ, ಕೋಡಿಂಗ್ ರೂಮಿಂದ್ಲಾ, ಹಾಗಾದ್ರೆ ನಾನೀಗ ಒಂದಕ್ಷರ ಸೇರಿಸಿದ್ರೂ ಕೋಡಿಂಗ್‌ನವರು ತಮ್ಮ ಮನೆಯವರಿಗೆ ಬೇಕಾದ್ದು ಬರೆಸ್ಕೊಂಡ್ರು ಅಂತಾಗುತ್ತೆ, ನಿಮಗೂ ತೊಂದ್ರೆ ನಂಗೂ ತೊಂದ್ರೆ, ಮುಂದಿನ ತಿಂಗಳು ಕರ್ಕೊಂಡು ಬನ್ನಿ, ಎಲ್ಲ ಕೇಳ್ತೀನಿ. ಮುಂದಿನ ತಿಂಗಳು ಒಳ್ಳೆಯ ತಿಂಗಳೇ ಇರಬಹುದು, ನಡುವೆ ಎಷ್ಟು ಸೋಮವಾರಗಳಿವೆ, ಎಷ್ಟು ಸೈಕಲ್ಲುಗಳಿವೆ, ಹೆಂಡತಿ ಎಂದು ಕೇಳಿದಾಗ ಕೋಡಿಂಗ್‌ನವಳ ಹಾಗೆ ಉತ್ತರ ಕೊಟ್ಟಳು, ಈಗ ಹೆಂಡತಿಯ ಹಾಗೆ ಕೇಳಿದರೆ ಕೋಡಿಂಗ್‌ನವಳು ಎನ್ನುತ್ತಾರೆ, ಸರಿ ಸರ್ ಎಂದು ಫೋನಿಟ್ಟಳು. ಲೋಟದಲ್ಲಿ ಪೆನ್ನು, ಟಿಣಟಿಣ. ಎಲ್ಲಿಂದ ಬಂತು, ಇಲ್ಲಿ ಯಾರ ಮೇಜಿನ ಮೇಲೂ ಲೋಟವಿಲ್ಲ. ಮಿಂಚು ಕಾಯುತ್ತಿದ್ದಳು, ಇವಳು ಇಲ್ಲವೆಂದು ತಲೆಯಾಡಿಸಿದಳು, ಮಿಂಚು ತುಟಿ ಕಚ್ಚಿಕೊಂಡು ಎಂಟು ಮೂರು ಒತ್ತಿದಳು, ಸುಸ್ತು, ಕಾರಣ ನಮೂದಿಸಿಲ್ಲ, ಹಸಿರು ಗುರುತು ಬಿತ್ತು, ಫೈಲು ಹೋಯಿತು, ಮೇಲೆ ಕಿಟಕಿಯಲ್ಲಿ ಕಾಗದ ಹೊರಬರುವುದಕ್ಕೆ ಇನ್ನು ಎಷ್ಟು ಹೊತ್ತು, ಯಾರೋ ಹೆಸರು ಕೂಗುತ್ತಾರೆ, ಗಂಡ ಬೆಂಚಿಗೆ ಕೈ ಊರುತ್ತಾರೆ, ಮೊಣಕೈ — ಬೇಡ, ಬೇರೆ ಏನಾದರೂ, ಮುಂದಿನ ಫೈಲು, ಯಾರದೋ ಮುರಿದ ಮಣಿಕಟ್ಟು, ಎಂಥ ಅದೃಷ್ಟವಂತ, ಮುರಿದದ್ದು ಚಿತ್ರದಲ್ಲಿ ಕಾಣುತ್ತದೆ. ಮಡಿಲಲ್ಲಿ ಮೊಬೈಲು ನಡುಗಿತು. ಗಂಡ. ಕಾಗದ ಸಿಕ್ತು ಎಂದರು, ದನಿಯಲ್ಲಿ ಉಸಿರಿಲ್ಲ, ನಡೆದು ಬಂದು ಮತ್ತೆ ಕೂತಿರಬೇಕು, ಸುಸ್ತು ಅಂತ ಬರ್ದಿದಾರೆ, ನೀನು ಹೇಳ್ಕೊಟ್ಟ ಹಾಗೇನೆ ಇದೆ, ಸರಿಯಾಗಿದೆ ಅಲ್ವಾ. ಅವಳಿಗೆ ಗೊತ್ತಿದ್ದ ನಿಯಮಗಳನ್ನೆಲ್ಲ ಒಂದೊಂದಾಗಿ ಹಿಡಿದು ನೋಡಿದಳು, ಎಲ್ಲಿಯೂ ತಪ್ಪಿಲ್ಲ, ಡಾಕ್ಟರು ಕೇಳಿದ್ದನ್ನು ಬರೆದಿದ್ದಾರೆ, ಮಿಂಚು ಬರೆದದ್ದನ್ನು ಒತ್ತಿದ್ದಾಳೆ, ಒಂದು ಅಕ್ಷರ ಆಚೀಚೆ ಆಗಿಲ್ಲ. ಸರಿಯಾಗಿದೆ ರೀ ಎಂದಳು. ಹಾಗಾದ್ರೆ ಸೋಮವಾರ ಬಸ್ಸಿಗೇ ಬರ್ತೀನಿ ಅಂತ ಮ್ಯಾನೇಜರ್‌ಗೆ ಹೇಳ್ಬಿಡ್ತೀನಿ ಎಂದರು, ನೀನು ಊಟ ಮಾಡಿದ್ಯಾ ಎಂದರು, ಅವಳು ಏನೋ ಹೇಳಬೇಕೆಂದು ಬಾಯಿ ತೆರೆದಳು, ಹೋಗ್ಬೇಡಿ ಎನ್ನಬಹುದಿತ್ತು, ಹೋಗದೆ ಏನು ಮಾಡುವುದು, ಇವತ್ತು ಇಷ್ಟು ನಡೆದಿದ್ದಾರೆ, ನಾಳೆ ಏಳಲಾರರು, ನಾಡಿದ್ದು ಏಳಲಾರರು, ಅದರ ಮರುದಿನವೇ ಸೋಮವಾರ, ಅಂಗೈ ಮೇಜಿನ ಅಂಚಿಗೆ, ಭಾರವೆಲ್ಲ ಆ ಕೈಗೆ, ಪೆನ್ನುಗಳು ಟಿಣಟಿಣ, ಆಗ ಡಾಕ್ಟರ ಎಡಗೈ ಲೋಟದ ಮೇಲೆ, ಕಣ್ಣು ಪರದೆಯ ಮೇಲೆ, ಸದ್ದು ನಿಂತಿತು, ಲೋಟದ ಮೇಲೆ ಎಡಗೈ, ಸದ್ದಿಲ್ಲ, ಲೋಟದ ಮೇಲೆ ಎಡಗೈ